ಸೂತಕವಿಲ್ಲದವಳ ಪಾಠ

ಜಂಗಮರ ಮನೆಯಲ್ಲಿ ಸೂತಕವಿಲ್ಲ. ಲಿಂಗೈಕ್ಯರಾದವರಿಗೆ ಎಂಥ ಮೈಲಿಗೆ? ಹಾಗಾಗಿ ಸೋಮವಾರ ಅಪ್ಪ ಮರುಳಯ್ಯನವರನ್ನು ಮಣ್ಣು ಮಾಡಿ ಬಂದ ನೀಲಗಂಗಾ, ಮಂಗಳವಾರ ಉದಗೀರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಅಳು ಬರಲಿಲ್ಲ. ಕುಡಿದ ಚಹಾ ಬಿಸಿಯೋ ತಣ್ಣಗೋ ತಿಳಿಯಲಿಲ್ಲ. ಗಟ್ಟಿ ಹೆಣ್ಣುಮಗಳು ಎಂದು ಸ್ಟಾಫ್ ರೂಮು ಹೊಗಳಿತು. ಹೊಗಳುವವರ ಗಂಟೇನು ಹೋಗುತ್ತದೆ!

ಅವಳ ವಿದ್ಯಾರ್ಥಿಗಳು ಫಿನ್‌ಲಂಡಿನ ವಿದ್ಯಾರ್ಥಿಗಳ ಜೊತೆ ಒಂದೇ ತಂಡವಾಗಿ, ದೇವಣಿ ತಳಿಯ ದನಗಳ ಲಸಿಕೆ ನೆನಪಿಸುವ ಆ್ಯಪ್ ಕಟ್ಟುತ್ತಿದ್ದರು. ದೂರದವರಿಗೆ ನಿಮ್ಮ ಮುಖ ಕಾಣುವುದಿಲ್ಲ, ಆಗದ ಕೆಲಸವನ್ನು ಆಗಿಲ್ಲವೆಂದು ಮೊದಲೇ ಹೇಳಿ ಎಂದು ಕಲಿಸಿ ಕಲಿಸಿ ಅವಳ ಗಂಟಲು ಒಣಗಿತ್ತು. ಈ ಸಲ ಸರಿಹೋದರೆ ಮಾತ್ರ ಮುಂದಿನ ವರ್ಷವೂ ಜೊತೆಗಿರುತ್ತೇವೆ ಎಂದು ಅಲ್ಲಿನ ಪ್ರಾಧ್ಯಾಪಕಿ ಹನ್ನಾ ಹೇಳಿದ್ದಳು.

ಶುಕ್ರವಾರ ಎರಡೂ ಕಡೆಯವರು ಪರದೆಯ ಮೇಲೆ ಕೂಡಿದರು. ಆ್ಯಪ್ ತೆರೆಯಿತು. ಉದಗೀರಿನವರು ಮಾಡಬೇಕಿದ್ದ ಭಾಗ ಬಂದಾಗ ನಿಂತೇಬಿಟ್ಟಿತು. ಅಲ್ಲಿ ಏನೂ ಇರಲಿಲ್ಲ.

“ಮುಗಿದಿದೆ ಎಂದು ಬರೆದಿದ್ದಿರಲ್ಲ?” ಹನ್ನಾ ಇಂಗ್ಲಿಷಿನಲ್ಲಿ ಕೇಳಿದಳು.

ನೀಲಗಂಗಾ ಮೈಕ್ ಬಂದ್ ಮಾಡಿ ಹುಡುಗರ ಕಡೆ ತಿರುಗಿದಳು. “ನನಗರ ಯಾಕ ಹೇಳಲಿಲ್ಲ?”

ತಂಡದ ಮುಂದಾಳು ರೇವಣಸಿದ್ಧ ನೆಲ ನೋಡಿದ. ಪಕ್ಕದಲ್ಲಿದ್ದ ಸೀಮಾ ಬಾಯಿಬಿಟ್ಟಳು: “ಸಾವಾದ ಮನಿಗಿ ಕೆಟ್ಟ ಸುದ್ದಿ ಒಯ್ಯಬಾರದು ಅಂತಾರ್ರೀ ನಮ್ಮ ಮಂದಿ. ನಿಮಗ ಹೇಳಲಾರದ್ದು ಅವರಿಗಿ ಹ್ಯಾಂಗ ಹೇಳಬೇಕ್ರೀ ಮೇಡಂ?”

ಹನ್ನಾಗೆ ಕರೆಂಟು ಹೋಗಿತ್ತು ಎಂದರೆ ಸಾಕಿತ್ತು. ನಮ್ಮ ಕರೆಂಟಿನ ಮೇಲೆ ಏನು ಅಪವಾದ ಹೊರಿಸಿದರೂ ಲೋಕ ನಂಬುತ್ತದೆ. ನೀಲಗಂಗಾ ಮೈಕ್ ಚಾಲೂ ಮಾಡಿದಳು.

“ಕೆಲಸ ಆಗಿಲ್ಲ. ನನಗೆ ನೋವಾದೀತೆಂದು ಇವರು ಮುಚ್ಚಿಟ್ಟರು. ಸೋಮವಾರ ನನ್ನ ತಂದೆ ತೀರಿಕೊಂಡರು.”

ಇಂಗ್ಲಿಷಿನಲ್ಲಿ ಅದು ಅವಳಿಗೇ ಯಾರದೋ ಮನೆಯ ಸುದ್ದಿಯಂತೆ ಕೇಳಿಸಿತು.

ಹನ್ನಾ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. “ಮತ್ತೆ ನೀವು ಇಲ್ಲಿ ಏನು ಮಾಡುತ್ತಿದ್ದೀರಿ?”

ರೇವಣಸಿದ್ಧ ಮೈಕಿನತ್ತ ಬಾಗಿ ತನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಒಂದು ವಾರ ಬೇಕೆಂದ.

“ಕೆಲಸ ಮುಗಿಸಲಿಕ್ಕಾ?”

“ಅಲ್ಲ, ನಮ್ಮ ಮೇಡಂ ಮನೆಯಲ್ಲಿರಲಿಕ್ಕೆ. ನಮಗೆ ಬೇಕಾದರೆ ಸೊನ್ನೆ ಕೊಡಿ.”

ಹನ್ನಾ ಸೊನ್ನೆಯನ್ನೂ ಕೊಟ್ಟಳು, ವಾರವನ್ನೂ ಕೊಟ್ಟಳು. ಮುಂದಿನ ವರ್ಷವೂ ಜೊತೆಗಿರುತ್ತೇವೆ, ತಾವೇ ಸೊನ್ನೆ ಕೇಳಿದ ಈ ಹುಡುಗರಿಂದಲೇ ಶುರುಮಾಡೋಣ ಎಂದಳು.

ಸೀಮಾ ಬ್ಯಾಗು ತಂದು ಕೈಗಿಟ್ಟಳು. “ಮನಿಗಿ ನಡೀರಿ ಮೇಡಂ.”

ನೀಲಗಂಗಾ ಬ್ಯಾಗು ಹಿಡಿದು ಕೂತೇ ಇದ್ದಳು. ಅಪ್ಪನಿಲ್ಲದ ಆ ಮನೆಗೆ ಅಂಜಿಯೇ ಅವಳು ದಿನಾ ಕಾಲೇಜಿಗೆ ಬರುತ್ತಿದ್ದಳು.