ಮೊದಲು ರಿಂಗ್ ಎಳೆಯಬೇಕು

ಅಜ್ಜನ ಶೇಂದಿ ಗಡಿಗೆಯ ಹುಳಿಸಿಹಿ ವಾಸನೆ ಚೆನ್ನಯನ ಮೂಗಿನಲ್ಲಿ ನಲವತ್ತು ವರ್ಷಗಳಿಂದ ಹಾಗೇ ಉಳಿದಿತ್ತು. ಡೊಂಬಿವ್ಲಿಯ ಮೂರನೆಯ ಮಾಳಿಗೆಯ ಅಡುಗೆಮನೆಯಲ್ಲಿ ಅವನ ಬಿಯರು ಹುಳಿತು ಹದಕ್ಕೆ ಬಂದಾಗಲೂ ಅದೇ ವಾಸನೆ. "ನೊರೆಗೆ ಅವಸರ ಮಾಡಬಾರದು ಮಗಾ," ಎನ್ನುತ್ತಿದ್ದರು ಅಜ್ಜ. ಅದಕ್ಕೇ ಚೆನ್ನಯ ಬಿಯರನ್ನು ಕೆಗ್ಗಿಗೆ, ಅಂದರೆ ಸ್ಟೀಲಿನ ಪೀಪಾಯಿಗೆ, ತುಂಬಿ, ಫ್ರಿಜ್ಜಿನಲ್ಲಿಟ್ಟು, ನೊರೆ ಬರಿಸುವ ಸಿಲಿಂಡರಿನ ಸೋಡಾ ಗ್ಯಾಸನ್ನು ಹದವಾಗಿ ಬಿಟ್ಟು ಒಂದು ವಾರ ಕಾಯುತ್ತಿದ್ದ. ಕೆಗ್ಗಿನ ನಟ್ಟು ಬಿಚ್ಚುವುದಿದ್ದರೆ ಮೊದಲು ಮುಚ್ಚಳದ ರಿಂಗ್ ಎಳೆದು ಒಳಗಿನ ಗ್ಯಾಸೆಲ್ಲ ಬಿಡಬೇಕು. ಇಲ್ಲದಿದ್ದರೆ ನಟ್ಟು ಗುಂಡಿನಂತೆ ಹಾರುತ್ತದೆ.

ಈ ಸಲ ಕಾಯುವ ವಾರದಲ್ಲಿ ತಂಗಿ ಜಯಲತಾ ಜೊತೆಗಿದ್ದಳು. ಎಡಗೈಗೆ ಪ್ಲಾಸ್ಟರ್, ಗಂಡ ರಂಜನ್ ಬಾಗಿಲ ಸಂದಿಗಿಟ್ಟು ಮುರಿದ ಕೈ. ಭಾನುವಾರ ಮಧ್ಯಾಹ್ನ ಅವಳನ್ನು ಕರೆದೊಯ್ಯಲು ಅವನು ಸೀವುಡ್ಸ್‌ನ ತಮ್ಮ ಮನೆಯಿಂದ ಬಂದ. ಅವಳು ಬ್ಯಾಗು ತುಂಬಿಟ್ಟಿದ್ದಳು.

"ಹೋಗ್ತೇನೆ ಅಣ್ಣ. ಗಲಾಟೆ ಬೇಡ."

ಇವಳನ್ನು ಹೇಗೆ ಉಳಿಸಿಕೊಳ್ಳಲಿ ಎಂಬುದೊಂದೇ ಚೆನ್ನಯನ ತಲೆಯಲ್ಲಿ.

"ನಿಮ್ಮ ಮಾಲು ತೋರಿಸಿ ಭಾವ," ಎಂದ ರಂಜನ್. ಚೆನ್ನಯ ಕೆಗ್ಗನ್ನು ಫ್ರಿಜ್ಜಿನಿಂದ ಹೊರಗಿಟ್ಟು, ಗ್ಲಾಸನ್ನು ಓರೆಯಾಗಿ ಹಿಡಿದು ನಿಧಾನವಾಗಿ ಅದರ ನಲ್ಲಿ ತಿರುಗಿಸಿದ.

"ಎಂತದು ಮಾರಾಯ್ರೆ, ಟ್ಯಾಂಕರ್ ನೀರಿನ ಲೈನಾ ಇದು? ಹಟೋ!"

ರಂಜನ್ ಅವನನ್ನು ಪಕ್ಕಕ್ಕೆ ತಳ್ಳಿ, ಗ್ಯಾಸಿನ ತಿರುಪನ್ನು ಪೂರ್ತಿ ತಿರುಗಿಸಿ ನಲ್ಲಿ ಎಳೆದ. ನೊರೆ ಭುಸ್ಸೆಂದು ಅವನ ಮುಖ, ಅಂಗಿ, ಮೀಸೆಯ ಮೇಲೆಲ್ಲ ಹಾರಿತು. ಜಯಲತಾಗೆ ನಗು ಬಂತು. ಬಂದಾಗಿನಿಂದ ಅವಳು ನಕ್ಕದ್ದು ಅದೇ ಮೊದಲು.

ರಂಜನ್ ಅವಳ ಪ್ಲಾಸ್ಟರ್ ಕೈ ಹಿಡಿದು ಗೋಡೆಗೆ ಬಡಿದ. ಪ್ಲಾಸ್ಟರ್ ಒಡೆಯಿತು. ಅವಳ ಚೀರಾಟಕ್ಕೆ ಅಡ್ಡ ಬಂದ ಚೆನ್ನಯನ ಬಾಯಿಗೆ ಮೊಣಕೈ ಬಿತ್ತು; ಒಂದು ಹಲ್ಲು ಉದುರಿತು.

"ಇದರ ತಲೆಯನ್ನೇ ಕೀಳ್ತೇನೆ ನೋಡಿ!" ರಂಜನ್ ಪಕ್ಕದಲ್ಲಿದ್ದ ಸ್ಪ್ಯಾನರ್ ಎತ್ತಿಕೊಂಡು ಬಗ್ಗಿ ಕೆಗ್ಗಿನ ನಟ್ಟಿಗೆ ಹಾಕಿದ.

ಚೆನ್ನಯನ ಬಾಯಿ ತುಂಬ ರಕ್ತ. ಆದರೂ ನಾಲಿಗೆ ಆಡುತ್ತಿತ್ತು. ಒಂದು ಮಾತು ಸಾಕಿತ್ತು. ಒಂದು ಸುತ್ತು. ಎರಡು ಸುತ್ತು. ಚೆನ್ನಯ ತುಟಿ ಬಿಚ್ಚಲಿಲ್ಲ.

"ರಿಂಗ್! ಮೊದಲು ರಿಂಗ್!" ಎಂದು ಕೂಗಿದವಳು ವಾರವಿಡೀ ಅಣ್ಣನ ಕೆಲಸ ನೋಡಿದ್ದ ಜಯಲತಾ.

ಕೂಗು ಮುಗಿಯುವ ಮೊದಲೇ ನಟ್ಟು ಸಿಡಿಯಿತು. ರಂಜನನ ದವಡೆ ಸೀಳಿಕೊಂಡು ಹೋಗಿ ಚಾವಣಿಯ ಗಾರೆ ಉದುರಿಸಿತು. ನೆಲದ ಮೇಲೆ ನೊರೆ ಕೆಂಪಾಗಿ ಹರಿಯಿತು. ಪಕ್ಕದ ಮನೆಯ ಸ್ನೇಹಲ್ ಓಡಿ ಬಂದಳು. ಮದುವೆಮನೆಗೆಂದು ಉಟ್ಟ ಸೀರೆಯಲ್ಲೇ ರಿಕ್ಷಾ ಹತ್ತಿ, ರಂಜನನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಘಾಬರೂ ನಕಾ, ದಾದಾ," ಹೆದರಬೇಡಿ ಎಂದು ಮರಾಠಿಯಲ್ಲಿ ಹೇಳುತ್ತಲೇ ಹೋದಳು.

ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದರು. ನಾಲ್ಕನೆಯ ದಿನ ಜಯಲತಾ ಬ್ಯಾಗು ಬಿಚ್ಚಿ ಸೀರೆಗಳನ್ನು ಅಣ್ಣನ ಕಪಾಟಿನಲ್ಲಿ ಇಟ್ಟಳು. ಆಮೇಲೆ ಒಂದೇ ಕೈಯಲ್ಲಿ ಗಂಜಿಯನ್ನು ಅಗುಳಿಲ್ಲದಂತೆ ಎರಡೆರಡು ಸಲ ಸೋಸಿ ಫ್ಲಾಸ್ಕಿಗೆ ತುಂಬಿದಳು.

"ನಿನಗೆ ಗೊತ್ತಿತ್ತು, ಅಣ್ಣ."

ಅವಳು ಫ್ಲಾಸ್ಕಿನ ಮುಚ್ಚಳ ಬಿಗಿದು ಅವನ ಕೈಗಿಟ್ಟಳು.

"ನಾನು ಇನ್ನು ಹೋಗುವುದಿಲ್ಲ. ಆದರೆ ಇದನ್ನು ನೀನೇ ಕೊಟ್ಟು ಬಾ."

ವಾರ್ಡಿನ ಬಾಗಿಲಲ್ಲಿ ಚೆನ್ನಯನನ್ನು ಕಂಡ ರಂಜನ್ ಹಾಸಿಗೆಯ ಅಂಚಿಗೆ ಸರಿದ. ಚೆನ್ನಯ ಗಂಜಿಯನ್ನು ಲೋಟಕ್ಕೆ ಬಗ್ಗಿಸಿ, ಬಿಸಿ ಆರಲೆಂದು ಸ್ವಲ್ಪ ಹೊತ್ತು ಕಾದು, ಸ್ಟ್ರಾ ಇಟ್ಟು, ಅವನ ಕೈಗೆ ಕೊಟ್ಟ.