ಅಪ್ಪನ ಕೆಮ್ಮು

ಅಪ್ಪ ತೀರಿಕೊಂಡ ವಾರದೊಳಗೇ ಅವಳು ಅಪ್ಪನ ಸಾವನ್ನು ಬರೆದು ಮುಗಿಸಿದ್ದಳು. ಟಿವಿ ಧಾರಾವಾಹಿಗೆ ದಿನಕ್ಕೊಂದು ಕಂತು ಬರೆದುಕೊಡುವವಳಿಗೆ ಅಳುವುದಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು? ಕಥೆಯಲ್ಲಿದ್ದ ಮುದುಕನಿಗೆ ಅಪ್ಪನ ಕೆಮ್ಮು ಕೊಟ್ಟಳು, ಅಪ್ಪ ಕೊನೆಗೆ ಕೇಳಿದ ಬಿಸಿನೀರು ಕೊಟ್ಟಳು, ಅಪ್ಪನಂತೆಯೇ ಗೋಡೆಯ ಕಡೆ ತಿರುಗಿಸಿ ಮಲಗಿಸಿದಳು. ನೋಡಿದವರೆಲ್ಲ ಅತ್ತರಂತೆ. ನಿರ್ದೇಶಕ ಫೋನ್ ಮಾಡಿ ಹಾಡಿ ಹೊಗಳಿದ. ಅವಳ ಕಣ್ಣಲ್ಲಿ ಮಾತ್ರ ಒಂದು ಹನಿಯೂ ಬರಲಿಲ್ಲ.

ಆಮೇಲೆ ಕೈ ಕಟ್ಟಿಹೋಯಿತು. ಬರೆಯಲು ಕೂತರೆ ಸಾಕು, ಪಕ್ಕದ ಕೋಣೆಯಲ್ಲಿ ಮೊದಲು ಗಂಟಲು ಸರಿಮಾಡಿಕೊಂಡ ಸದ್ದು, ಹಿಂದೆಯೇ ಒಣಕೆಮ್ಮು. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ. ತನಗೇನೂ ಕೇಳಿಸುತ್ತಿಲ್ಲ ಎಂದ ಗಂಡ. ಡಾಕ್ಟರು ತಲೆಗೆ ಸ್ವಲ್ಪ ವಿಶ್ರಾಂತಿ ಕೊಡಿ ಎಂದರು. ಕಂತುಗಳನ್ನು ಬೇರೊಬ್ಬರಿಗೆ ಒಪ್ಪಿಸಿ ಅವಳು ಅಕ್ಕನ ಮನೆಗೆ ಹೊರಟಳು.

ಅಕ್ಕ ಟೈಲರ್; ಮನೆಯ ಮುಂದಿನ ಕೋಣೆಯೇ ಅಂಗಡಿ. ಆ ಕಂತು ನೋಡಿದಂದಿನಿಂದ ತಂಗಿಯ ಮೇಲೆ ಮುಖ ಊದಿಸಿಕೊಂಡಿದ್ದಳು. ಆದರೂ ಬಾಗಿಲಲ್ಲಿ ನಿಂತವಳ ಕಣ್ಣಿನ ಸುತ್ತಲ ಕಪ್ಪು ನೋಡಿ ಒಳಗೆ ಕರೆದಳು. ಬಿಗಿಯಾದವೆಂದು ಗಿರಾಕಿಗಳು ತಂದಿದ್ದ ಬಟ್ಟೆಗಳ ರಾಶಿಯನ್ನು ಮುಂದೆ ಸುರಿದು, ಹೊಲಿಗೆ ಬಿಚ್ಚು ಎಂದಳು.

ಅವಳು ಬಿಚ್ಚುತ್ತಾ ಕೂತಳು. ಪ್ಯಾಂಟು ಚಿಕ್ಕದಾಗಿಬಿಟ್ಟಿದೆ ಎಂದು ದೂರಿದ ಗಿರಾಕಿಗೆ ಅಕ್ಕ, ಪ್ಯಾಂಟು ಹಾಗೇ ಇದೆ, ನಿಮ್ಮ ಹೊಟ್ಟೆಗೆ ಬುದ್ಧಿ ಹೇಳಿ ಎಂದಾಗ, ಎಷ್ಟೋ ಕಾಲದ ಮೇಲೆ ಬಾಯಿತುಂಬ ನಕ್ಕಳು. ಆ ಮಾತನ್ನು ಯಾವ ಪಾತ್ರದ ಬಾಯಲ್ಲಿ ಹಾಕಬಹುದೆಂದು ಯೋಚಿಸುವುದನ್ನೂ ಮರೆತಳು.

ಒಂದು ಮಧ್ಯಾಹ್ನ ಅಕ್ಕ ದಾರ ಬದಲಿಸಲು ಮಷೀನು ನಿಲ್ಲಿಸಿದಳು. ಒಳಕೋಣೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಕೆಮ್ಮು.  ತಿರುಗಿದರೆ, ಅಕ್ಕನೂ ಒಳಬಾಗಿಲನ್ನೇ ನೋಡುತ್ತಿದ್ದಳು.

"ನಿನಗೂ ಕೇಳಿಸ್ತಾ?"

"ದಿನಾ ಕೇಳಿಸುತ್ತೆ."

"ಹೆದರಿಕೆ ಆಗಲ್ವಾ ಅಕ್ಕಾ?"

"ಮೊದಮೊದಲು ಆಗ್ತಿತ್ತು. ಈಗ ಕೆಲಸ ಬಿಟ್ಟು ಸುಮ್ನೆ ಕೂತ್ಕೋತೀನಿ. ನೀನು ಕೂತ್ಕೊಳ್ಳಲೇ ಇಲ್ವಲ್ಲೇ. ಮಣ್ಣು ಮಾಡಿ ಬಂದವಳೇ ಬರೆಯೋಕೆ ಹೋದೆ."

ಕಂತು ತಡವಾದರೆ ಟಿವಿಯವರು ಸುಮ್ಮನಿರುತ್ತಾರಾ ಎನ್ನಬೇಕೆಂದಿದ್ದಳು. ಅಷ್ಟರಲ್ಲಿ ತನ್ನ ಬೆರಳು ಫೋನಿಗಾಗಿ ತಡಕಾಡುತ್ತಿರುವುದು ಕಂಡಿತು. ನಿಂತ ಮಷೀನು, ಅಕ್ಕನ ಮಾತು, ಆ ಕೆಮ್ಮು, ಎಲ್ಲವನ್ನೂ ಈಗಲೇ ಬರೆದಿಟ್ಟುಕೊಳ್ಳಲು. ಕೆಮ್ಮಿಗೆ ಹೆದರಿದ್ದಕ್ಕಿಂತ ಹೆಚ್ಚು ಆ ಬೆರಳಿಗೆ ಹೆದರಿದಳು. ಫೋನನ್ನು ಬಟ್ಟೆಯ ರಾಶಿಯೊಳಗೆ ತುರುಕಿದಳು.

ಕೆಮ್ಮು ಇನ್ನೊಮ್ಮೆ ಕೇಳಿತು, ಈ ಸಲ ಬಾಗಿಲಿನ ಇತ್ತ ಕಡೆಯಿಂದ. ಇಬ್ಬರೂ ಅಲುಗಲಿಲ್ಲ. ಅವಳಿಗೆ ಅಳು ಕಿತ್ತುಕೊಂಡು ಬಂತು. ಅಕ್ಕ ಸಮಾಧಾನ ಮಾಡಲಿಲ್ಲ, ಮಷೀನನ್ನೂ ತುಳಿಯಲಿಲ್ಲ.

ಮರುದಿನ ನಿರ್ದೇಶಕ ಫೋನ್ ಮಾಡಿದ. ಮುದುಕನನ್ನು ಜನ ಮರೆತಿಲ್ಲ, ಮಗಳ ಕನಸಿನಲ್ಲಾದರೂ ಅವನನ್ನು ವಾಪಸ್ ತರೋಣ ಎಂದ.

"ಅವರನ್ನ ನಾನಿನ್ನು ಬರೆಯಲ್ಲ ಸರ್," ಎಂದಳು. ಹಾಗಾದರೆ ನೀವು ಬರುವುದೂ ಬೇಡ ಎಂದ. ಆಗಲಿ ಎಂದು ಫೋನಿಟ್ಟಳು.

ಒಳಗೆ ಹೋಗಿ ಮಲಗಿದವಳಿಗೆ ಸಂಜೆಯವರೆಗೂ ಎಚ್ಚರವಿಲ್ಲ. ಕಣ್ಣು ಬಿಟ್ಟಾಗ ಯಾರೋ ಕಾಲಿನ ಮೇಲೆ ಹೊದಿಕೆ ಹೊದಿಸಿದ್ದರು. ಮಲಗಿದಲ್ಲಿಂದಲೇ ಅಕ್ಕನನ್ನು ಕೂಗಿ ಕೇಳಿದರೆ, ತಾನು ಮಷೀನು ಬಿಟ್ಟು ಎದ್ದೇ ಇಲ್ಲ ಎಂದಳು.

 ಅವಳು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು ಮಗ್ಗುಲಾದಳು.