ಹಾಲಿನ ಕೋಣೆಯ ಮೆಟ್ಟಿಲು

ಡಾಕ್ಟರ್ ಲೆಲ್ಯಾಂಡ್ ಟ್ವೈಟ್‌ನ ಕೈಗುಣ ದೊಡ್ಡದು ಎಂದು ಅಮೆರಿಕದ ಅಯೋವಾದ ಆ ಮೂಲೆಯ ಹೈನುಗಾರರೆಲ್ಲ ಹೇಳುತ್ತಿದ್ದರು. ಅವರು ಹೇಳುವುದಕ್ಕೂ ಮೊದಲೇ ಅದನ್ನು ನಂಬಿದವನು ಲೆಲ್ಯಾಂಡ್. ಕೈರೋಪ್ರಾಕ್ಟಿಕ್ ಕಲಿತು ಬಂದು, ಮಾತ್ರೆ, ಸೂಜಿ ಮುಟ್ಟದೆ, ಬರಿಗೈಯಲ್ಲೇ ಜನರ ಬೆನ್ನುಮೂಳೆ, ಸೊಂಟದ ಕೀಲು ಸರಿಮಾಡಿ ಹೆಸರು ಮಾಡಿದ್ದ. ಕಲಿಸಿದ ಮೇಷ್ಟರ ಒಂದು ಹಟ ಇವನಿಗೂ ಅಂಟಿಕೊಂಡಿತ್ತು: ರೋಗಿಯನ್ನು ಏನೂ ಕೇಳಬಾರದು, ಎಲ್ಲವನ್ನೂ ಬೆರಳೇ ಕಂಡುಹಿಡಿಯಬೇಕು. ಗೋಡೆಯ ಮೇಲೆ ಒಂದು ಹಲಗೆಯನ್ನೇ ತೂಗುಹಾಕಿದ್ದ: 'ಎಲ್ಲಿ ನೋವೆಂದು ಹೇಳಬೇಡಿ. ನಾನೇ ಹುಡುಕುತ್ತೇನೆ.' ಜನ ಅದನ್ನು ಓದಿ ಬೆರಗಾಗುತ್ತಿದ್ದರು, ಅವನು ನಿಜಕ್ಕೂ ಹುಡುಕಿದಾಗ ಇನ್ನಷ್ಟು ಬೆರಗಾಗುತ್ತಿದ್ದರು. ದಿನವೂ ಇಂಥವರ ನಡುವೆ ಇದ್ದರೆ ಯಾರ ತಲೆ ತಾನೇ ನೆಟ್ಟಗಿದ್ದೀತು?

ಆರ್ಡಿಸ್ ಕ್ವಾಮ್ ಮೊದಲ ಸಲ ಅವನ ಬಳಿ ಬಂದದ್ದು ಅವಳ ಕೊನೆಯ ಮಗು ಹುಟ್ಟಿದ ವರ್ಷ. ಗಂಡ ವೆಂಡೆಲ್ ಜೊತೆ ನಲವತ್ತು ಹಸುಗಳನ್ನು ನೋಡಿಕೊಳ್ಳುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದಳು. ಆರ್ಗನ್‌ಗೆ ಕೈ ಮಾತ್ರ ಸಾಲದು. ಬೆಂಚಿನ ಮೇಲೆ ಸೊಂಟ ತಿರುಗಿಸುತ್ತ, ಕೆಳಗಿನ, ಸ್ವರ ಹೊರಡಿಸುವ ಮರದ ಮಣೆಗಳನ್ನು ನೋಡದೆಯೇ ಎರಡೂ ಪಾದಗಳಿಂದ ಒತ್ತಬೇಕು. ಅವಳ ಸೊಂಟದ ಎಡಗಡೆಯ ಕೀಲು ಹಿಡಿದುಕೊಂಡು ಕೂರುವುದೇ ಕಷ್ಟವಾಗಿತ್ತು.

"ಡಾಕ್ಟ್ರೇ, ಈಸ್ಟರ್‌ಗೆ ಬೆಂಚಿನ ಮೇಲೆ ಕೂರೋ ಹಾಗೆ ಮಾಡಿಕೊಡಿ, ನಂಗೆ ಬೇರೇನೂ ಬೇಡ. ಈ ನೋವು ಯಾಕೆ ಅಂದ್ರೆ, ನಮ್ಮ ಕೊಟ್ಟಿಗೇಲಿ..."

"ಶ್! ಹಲಗೆ ಓದ್ಲಿಲ್ವಾ? ಬೋರಲು ಮಲಗಿ."

ಅವಳು ಬಾಯಿ ಮುಚ್ಚಿ ಮಲಗಿದಳು. ಲೆಲ್ಯಾಂಡ್ ಎರಡೂ ಹಿಮ್ಮಡಿಗಳನ್ನು ಜೋಡಿಸಿ ನೋಡಿದ. ಎಡಗಾಲು ಅರ್ಧ ಬೆರಳಿನಷ್ಟು ಗಿಡ್ಡ. ಪಕ್ಕಕ್ಕೆ ಹೊರಳಿಸಿ, ಮಂಡಿ ಮಡಿಸಿ, ಮೈಭಾರವೆಲ್ಲ ಬಿಟ್ಟು ಒಮ್ಮೆ ಒತ್ತಿದ. ಲಟಕ್ ಎಂದಿತು.

"ಅಯ್ಯಯ್ಯೋ, ಹೊಸ ಸೊಂಟಾನೇ ಕೊಟ್ರಲ್ಲ!" ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು. ಲೆಲ್ಯಾಂಡ್ ಆ ದಿನವಿಡೀ ಶಿಳ್ಳೆ ಹೊಡೆಯುತ್ತಲೇ ಇದ್ದ.

ಹೊಸ ಸೊಂಟ ಮೂರು ದಿನ ಬಂತು. ನಾಲ್ಕನೆಯ ದಿನ ಮತ್ತೆ ಅದೇ ಹಳೆಯ ನೋವು. ವಾರಕ್ಕೊಮ್ಮೆ ಬನ್ನಿ ಎಂದ. ಹೀಗೆ ಹತ್ತೊಂಬತ್ತು ವರ್ಷ ಪ್ರತಿ ಗುರುವಾರ ಎಡಗಾಲು ಗಿಡ್ಡವಾಗಿ ಬರುತ್ತಿತ್ತು, ಸಮವಾಗಿ ಮನೆಗೆ ಹೋಗುತ್ತಿತ್ತು. ಸಮ ಮಾಡುವುದೇ ತನ್ನ ಗೆಲುವು ಎಂದುಕೊಂಡವನಿಗೆ, ಅದು ಮತ್ತೆ ಮತ್ತೆ ಯಾಕೆ ಗಿಡ್ಡವಾಗುತ್ತದೆ ಎಂಬುದು ಹೊಳೆಯಲೇ ಇಲ್ಲ. ಹೊಳೆಯಲಿಲ್ಲ ಎನ್ನುವುದೂ ಸುಳ್ಳೇ. ಹೊಳೆದಾಗ, ಹೆತ್ತವಳ ಕೀಲು ಸಡಿಲವಾಗಿದೆ, ಅಷ್ಟೇ ಎಂದು ತನಗೆ ತಾನೇ ಉತ್ತರ ಹೇಳಿಕೊಂಡು ಸುಮ್ಮನಾಗಿದ್ದ.

ಆರನೆಯ ವರ್ಷದ ಈಸ್ಟರ್ ದಿನ, ಎರಡನೆಯ ಹಾಡಿನ ನಡುವೆ ಆರ್ಡಿಸ್ ನೋವು ತಾಳಲಾರದೆ ಬೆಂಚು ಹಿಡಿದುಕೊಂಡು ಎದ್ದು ನಿಂತುಬಿಟ್ಟಳು. ಜನ ವಾದ್ಯವಿಲ್ಲದೆಯೇ ಹಾಡಿ ಮುಗಿಸಿದರು. ಮುಂದಿನ ಭಾನುವಾರದಿಂದ ಬೆಂಚಿನ ಮೇಲೆ ಬೇರೆಯವರು ಕೂತರು. ಲೆಲ್ಯಾಂಡ್ ಆ ಈಸ್ಟರ್ ದಿನ ಮೂರನೆಯ ಸಾಲಿನಲ್ಲೇ ಇದ್ದ. ಅವಳು ಆರ್ಗನ್ ಕಟ್ಟೆಯ ಮೆಟ್ಟಿಲಿಳಿದು ಬರುವಾಗ ಹಾಡಿನ ಪುಸ್ತಕದೊಳಗೆ ತಲೆ ತಗ್ಗಿಸಿದ್ದ.

ಕೊನೆಗೆ ವೆಂಡೆಲ್‌ನ ಮಂಡಿಗಳೂ ಸೋತವು. ಹಸುಗಳನ್ನು ಮಾರಿ ಪಟ್ಟಣದಲ್ಲಿ ಚಿಕ್ಕ ಮನೆ ಹಿಡಿದರು. ಏಪ್ರಿಲ್‌ನ ಒಂದು ಶನಿವಾರ ಅಂಗಳದಲ್ಲೇ ಉಳಿದ ಸಾಮಾನಿನ ಹರಾಜು. ಅಲ್ಲಿ ಒಬ್ಬರ ಮನೆಯ ಹರಾಜೆಂದರೆ ಏನೂ ಕೊಳ್ಳದಿದ್ದರೂ ಊರೆಲ್ಲ ಹೋಗಬೇಕು, ಹೋಗದಿದ್ದರೆ ಸಾವಿಗೆ ಹೋಗದಷ್ಟೇ ತಪ್ಪು. ಚರ್ಚಿನ ಹೆಂಗಸರು ಕಾಫಿ, ಸೇಬಿನ ಪೈ ಕೊಡುತ್ತಿದ್ದರು. ಲೆಲ್ಯಾಂಡ್ ಪೈ ತಟ್ಟೆ, ಕಾಫಿ ಲೋಟ ಹಿಡಿದುಕೊಂಡು ಖಾಲಿ ಕೊಟ್ಟಿಗೆಯೊಳಗೆ ಅಡ್ಡಾಡಲು ಹೋದ. ಹತ್ತೊಂಬತ್ತು ವರ್ಷದಲ್ಲಿ ಅವನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು.

ಕೊಟ್ಟಿಗೆಯ ಕೊನೆಯಲ್ಲಿ, ಕರೆದ ಹಾಲು ಸುರಿದಿಡುವ ಹಾಲಿನ ಕೋಣೆಯ ಬಾಗಿಲು, ಬಾಗಿಲಿಗೆ ಮುಕ್ಕಾಲು ಮೊಳ ಎತ್ತರದ ಒಂದೇ ಒಂದು ಸಿಮೆಂಟಿನ ಮೆಟ್ಟಿಲು. ಬಾಗಿಲು ಕಿರಿದು. ಹತ್ತಲು ಹೋದವನು ಮೈ ಅಡ್ಡ ತಿರುಗಿಸಬೇಕಾಯಿತು. ತಿರುಗಿಸಿ ಎಡಗಾಲು ಎತ್ತಿಟ್ಟ. ಅಂಗಾಲಿಗೆ ಏನೋ ತಗ್ಗು ಸಿಕ್ಕಿತು. ಬಗ್ಗಿ ನೋಡಿದರೆ ಸಿಮೆಂಟು ಒಂದು ಪಾದದಷ್ಟೇ ಜಾಗದಲ್ಲಿ ಸವೆದು ನುಣುಪಾಗಿತ್ತು. ಇಳಿದು ಇನ್ನೊಮ್ಮೆ ಹತ್ತಿದ. ಅವನದೇ ಎಡ ಸೊಂಟದೊಳಗೆ, ಸರಿಯಾಗಿ ಆರ್ಡಿಸ್‌ಗೆ ನೋಯುವ ಆ ಕೀಲಿನಲ್ಲೇ ಚುಳುಕ್ಕೆಂದಿತು.

"ಏನ್ ಡಾಕ್ಟ್ರೇ, ಮೆಟ್ಟಿಲು ಕೊಳ್ತೀರಾ?" ಹಿಂದಿನಿಂದ ವೆಂಡೆಲ್ ಕುಂಟುತ್ತ ಬಂದ.

"ಇಲ್ಲಿ ಯಾರು ಓಡಾಡ್ತಿದ್ರು, ವೆಂಡೆಲ್?"

"ಇನ್ಯಾರು, ಅವಳೇ. ಎರಡೂ ಕೈಲಿ ತುಂಬಿದ ಬಕೆಟ್ಟು. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ."

"ಇಲ್ಲೊಂದು ಇಳಿಜಾರು ಕಟ್ಟಿ, ಬಾಗಿಲು ಅಗಲ ಮಾಡೋಕೆ ಎಷ್ಟು ದಿನ ಬೇಕಿತ್ತು?"

"ದಿನ ಯಾಕೆ, ಒಂದು ಮಧ್ಯಾಹ್ನದ ಕೆಲಸ. ಯಾರಾದ್ರೂ ಹೇಳಿದ್ರೆ ಮಾಡ್ತಿದ್ದೆ. ಸೊಂಟದ ವಿಷಯ ಕೇಳಿದ್ರೆ, ಅದನ್ನ ಡಾಕ್ಟ್ರು ನೋಡ್ಕೋತಾರೆ ಬಿಡಿ ಅಂತಿದ್ಲು."

ಆರ್ಡಿಸ್ ಕಾಫಿ ಕೆಟಲ್ ಹಿಡಿದು ಒಳಗೆ ಬಂದಳು. ಲೆಲ್ಯಾಂಡ್‌ಗೆ ಅವಳ ಮುಖ ನೋಡಲಾಗಲಿಲ್ಲ.

"ಈ ಮೆಟ್ಟಿಲಿನ ವಿಷಯ ನಂಗ್ಯಾಕೆ ಹೇಳ್ಲಿಲ್ಲ, ಆರ್ಡಿಸ್?"

"ಮೊದಲನೇ ದಿನಾನೇ ಹೇಳೋಕೆ ಹೊರಟಿದ್ದೆ. ನೀವು ಶ್ ಅಂದ್ರಿ."

"ಆಮೇಲಾದ್ರೂ?"

"ಅಷ್ಟೆಲ್ಲ ಹುಡುಕ್ತೀರಿ, ಇದನ್ನೂ ಇವತ್ತಲ್ಲ ನಾಳೆ ಹುಡುಕ್ತೀರಿ ಅಂತ ಕಾದೆ. ನಾನಾಗಿ ಹೇಳಿದ್ರೆ ನಿಮ್ಮ ಮನಸ್ಸಿಗೆ ಬೇಜಾರಾಗುತ್ತಲ್ಲ." ಅವಳು ಅವನ ಲೋಟ ತುಂಬಿಸಿದಳು.

ಒಬ್ಬನ ಜಂಭ, ಒಬ್ಬಳ ದಾಕ್ಷಿಣ್ಯ, ಇನ್ನೊಬ್ಬನ ಉದಾಸೀನ. ಮೂವರೂ ಒಳ್ಳೆಯವರೇ. ಆ ಒಳ್ಳೆಯತನದಲ್ಲೇ ಒಂದು ಮಧ್ಯಾಹ್ನದ ಕೆಲಸ ಹತ್ತೊಂಬತ್ತು ವರ್ಷ ಕೊಳೆಯಿತು.

ಅವರು ಪಟ್ಟಣದ ಮನೆಗೆ ಬಂದು ತಿಂಗಳಾದ ಮೇಲೆ, ಒಂದು ಗುರುವಾರ, ಆರ್ಡಿಸ್ ಎಂದಿನಂತೆ ಬಂದಳು. ಗೋಡೆಯಲ್ಲಿ ಹಲಗೆ ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಅವಳು ಅದನ್ನು ನೋಡಿ ಬೋರಲು ಮಲಗಿದಳು. ಲೆಲ್ಯಾಂಡ್ ಎರಡೂ ಹಿಮ್ಮಡಿಗಳನ್ನು ಕೈಗೆ ತೆಗೆದುಕೊಂಡ. ಹಾಗೇ ಹಿಡಿದು ನಿಂತ.

"ಯಾಕೆ ಸುಮ್ಮನಾದ್ರಿ ಡಾಕ್ಟ್ರೇ? ತುಂಬಾ ಗಿಡ್ಡ ಆಗಿದ್ಯಾ?"

"ಇಲ್ಲ. ಎರಡೂ ಸಮ ಇವೆ."

"ನೀವು ಮುಟ್ಟೋಕೆ ಮುಂಚೇನೇ?"

"ನಾನು ಮುಟ್ಟೋಕೆ ಮುಂಚೇನೇ. ನನ್ನಿಂದ ದೊಡ್ಡ ತಪ್ಪಾಯ್ತು ಆರ್ಡಿಸ್. ಹೇಳಿ, ಇನ್ನೂ ಎಲ್ಲಿ ನೋವಿದೆ?"

ಅವಳು ಮೇಜಿನ ಮೇಲೆ ಮುಖವಿಟ್ಟೇ ಸೊಂಟವನ್ನು ಒಮ್ಮೆ ಅಲುಗಿಸಿ ನೋಡಿದಳು.

"ನೋವು ಕಡಿಮೆ ಆಗಿದೆ," ಎಂದಳು ಆಮೇಲೆ. "ಮೊನ್ನೆ ಚರ್ಚಲ್ಲಿ ಯಾರೂ ಇಲ್ಲದಾಗ ಆರ್ಗನ್ ಬೆಂಚಿನ ಮೇಲೆ ಅರ್ಧ ಗಂಟೆ ಕೂತೆ. ಕೈಗೆ ಎಲ್ಲಾ ನೆನಪಿದೆ ಡಾಕ್ಟ್ರೇ. ಪಾದಕ್ಕೆ ಒಂದು ಮಣೇನೂ ಸಿಗ್ಲಿಲ್ಲ."

ಲೆಲ್ಯಾಂಡ್ ಅವಳ ಪಾದಗಳನ್ನು ಇನ್ನೂ ಹಿಡಿದೇ ಇದ್ದ.